ತೂಕಕ್ಕೆ ಸಿಗದ್ದನ್ನು ಹಿಡಿಯುವ ಕೊಳವೆ

ಬಹರೇನ್‌ನ ಮನಾಮಾದಲ್ಲಿ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯಕ್ಕೆ ಸೇರಿದ ಅಲ್ ಜೌಹರಾ ಕೇಂದ್ರವಿದೆ. ವಂಶಪಾರಂಪರ್ಯ ಕಾಯಿಲೆಗಳ ಪತ್ತೆ ಅದರ ಮುಖ್ಯ ಕೆಲಸ. ಹುಟ್ಟಿನಿಂದಲೇ ಚಯಾಪಚಯ ದೋಷವಿರುವ ಶಿಶುಗಳನ್ನು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್‌ನಿಂದ ಗುರುತಿಸಿದ ಬಗ್ಗೆ ಅಲ್ಲಿನ ತಂಡ 2013ರಲ್ಲಿ ಅಧ್ಯಯನ ಪ್ರಕಟಿಸಿತು. ರಕ್ತಸಂಬಂಧದ ಮದುವೆ ರೂಢಿಯಲ್ಲಿರುವ ನಾಡಿಗೆ ಇದೆಷ್ಟು ಮುಖ್ಯವೆಂದು ಅಕ್ಕನ ಮಗಳನ್ನು ತಂದುಕೊಳ್ಳುವ ನಮಗೆ ಬಿಡಿಸಿ ಹೇಳಬೇಕಿಲ್ಲ.

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣುಗಳ ತಕ್ಕಡಿ. ಆದರೆ ಲ್ಯೂಸಿನ್, ಐಸೊಲ್ಯೂಸಿನ್, ಅಲೊಐಸೊಲ್ಯೂಸಿನ್ ಎಂಬ ಮೂರೂ ಅಮೈನೊ ಆಮ್ಲಗಳ ಅಣುತೂಕ 131. ಕೂಸಿನ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುವ, ಚಿಕಿತ್ಸೆ ತಡವಾದರೆ ಮಿದುಳನ್ನೇ ಕೆಡಿಸುವ ಮೇಪಲ್ ಸಿರಪ್ ಕಾಯಿಲೆಯ ಖಚಿತ ಗುರುತು ಆ ಮೂರನೆಯದು. ಬರೀ ತೂಕ ನೋಡಿದರೆ ಅದು ಉಳಿದೆರಡರ ನಡುವೆ ಅಡಗಿಬಿಡುತ್ತದೆ.

ಹಾಗಾಗಿ ತೂಗುವ ಮೊದಲು ಬೇರ್ಪಡಿಸಬೇಕು. ಅದಕ್ಕಿರುವುದೇ ಕಾಲಮ್: ಬೆರಳುದ್ದದ ಉಕ್ಕಿನ ಕೊಳವೆ, ಒಳಗೆ ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಮಣಿಗಳು. ಸಾಮಾನ್ಯವಾಗಿ ಲ್ಯಾಬುಗಳಲ್ಲಿ ಇರುವ ಸಿ-18 ಕಾಲಮ್‌ನ ಮಣಿಗಳಿಗೆ ಎಣ್ಣೆಯ ಸ್ವಭಾವ. ನೀರನ್ನು ಮೆಚ್ಚುವ ಅಮೈನೊ ಆಮ್ಲಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಜಾರಿಹೋಗುತ್ತವೆ. ಮಿಕ್ಸೆಡ್-ಮೋಡ್ ಕಾಲಮ್‌ನಲ್ಲಿ ಮಣಿಗಳಿಗೆ ಎರಡು ಗುಣ: ಎಣ್ಣೆಗುಣದ ಜೊತೆ ವಿದ್ಯುದಾವೇಶವನ್ನು ಸೆಳೆಯುವ ಗುಂಪುಗಳೂ ಇರುತ್ತವೆ. ಒಂದು ಹಿಡಿತ ತಪ್ಪಿದ ಅಣು ಇನ್ನೊಂದಕ್ಕೆ ಸಿಕ್ಕಿ, ತನ್ನದೇ ಹೊತ್ತಿಗೆ ಹೊರಬರುತ್ತದೆ. ಅಮೈನೊ ಆಮ್ಲಗಳಿಗೆ ಬೇರೆ ರಾಸಾಯನಿಕ ಅಂಟಿಸುವ ತಾಪತ್ರಯವೂ ತಪ್ಪುತ್ತದೆ.

ಆದರೆ ಇದು ನಾಜೂಕಿನ ಸಾಮಾನು. ಕೊಳವೆಯಲ್ಲಿ ಹರಿಯುವ ದ್ರಾವಣದ ಪಿಎಚ್ ತುಸು ಏರುಪೇರಾದರೂ ಅಣುಗಳು ಹೊರಬರುವ ಸಮಯ ಬದಲಾಗುತ್ತದೆ. ಆವೇಶದ ಹಿಡಿತ ಬಿಡಿಸಲು ಉಪ್ಪು ಬೇಕು, ಆದರೆ ಫಾಸ್ಫೇಟ್ ಹಾಕಿದರೆ ಆವಿಯಾಗದೆ ಯಂತ್ರದ ಬಾಯಲ್ಲೇ ಗಟ್ಟಿಕಟ್ಟುತ್ತದೆ. ಆವಿಯಾಗಿ ಹೋಗುವ ಅಮೋನಿಯಂ ಫಾರ್ಮೇಟ್ ಬಳಸುವುದು ಅದಕ್ಕೇ. ಕೋಟಿ ಬೆಲೆಯ ಯಂತ್ರದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಈ ಕೊಳವೆಯನ್ನು ಕೇಳುವವರಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಪು ಅದರದ್ದೇ.

ನವಜಾತ ಶಿಶುಗಳಲ್ಲಿ ಇಂಥ ದೋಷ ಹುಡುಕುವ ಹಾದಿಯಲ್ಲಿ ಕರ್ನಾಟಕ ಬೇಗನೇ ಹೆಜ್ಜೆ ಇಟ್ಟಿತ್ತು. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮತ್ತು ಸಂಗಡಿಗರು ಇಲ್ಲಿನ 1,12,269 ನವಜಾತ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲ ದೋಷಗಳನ್ನು ಹುಡುಕಿದರು. ಅವರಿಗಿದ್ದದ್ದು ತೆಳುಪದರದ ಕ್ರೊಮ್ಯಾಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೀಟರ್ ಅಲ್ಲ.

ನಿಮ್ಮ ಮನೆತನದಲ್ಲಿ ಕಾರಣ ತಿಳಿಯದೆ ಹಸುಗೂಸು ತೀರಿಕೊಂಡ ಘಟನೆಯಿದ್ದರೆ ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ಹೇಳಿ. ಇಂಥ ದೋಷಗಳನ್ನು ಹುಡುಕುವ ಪರೀಕ್ಷೆಗೆ ರಕ್ತ ತೆಗೆಯಬೇಕಾದ್ದು ಹುಟ್ಟಿದ ಮೊದಲ ದಿನಗಳಲ್ಲೇ.