ಬೆಳಕೂ ಬಾಗುತ್ತದೆ

ಆದವಾನಿ, ಎಮ್ಮಿಗನೂರು, ಕೋಸಿಗಿ ಕಡೆಯ ನಮ್ಮ ಮನೆಗಳಲ್ಲಿ ಸಂಜೆಯಾಗುತ್ತಲೇ ಹಿರಿಯರ ದೃಷ್ಟಿ ಪಡುವಣಕ್ಕೆ ಹೊರಳುತ್ತದೆ. ಹತ್ತಿ ಅಂಗಡಿಯ ಲೆಕ್ಕ ಮುಗಿಯದಿದ್ದರೂ ಸರಿ, ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು. ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಆ ಕೆಂಪು ಬಿಂಬವೇ ಗಡಿಯಾರ.

ಆದರೆ ಬಿಂಬದ ಕೆಳ ಅಂಚು ಬಯಲಿನ ಅಂಚಿಗೆ ತಾಗಿದಂತೆ ಕಾಣುವಾಗ ಸೂರ್ಯನು ನಿಜವಾಗಿ ಆಗಲೇ ದಿಗಂತದ ಕೆಳಗೆ ಇಳಿದಿರುತ್ತಾನೆ. ಭೂಮಿಯ ಗಾಳಿಯ ಪದರವು ಬೆಳಕನ್ನು ಸುಮಾರು ಅರ್ಧ ಡಿಗ್ರಿಯಷ್ಟು ಬಾಗಿಸಿ ಅವನನ್ನು ಮೇಲೆತ್ತಿ ತೋರಿಸುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ತಟ್ಟೆ ಎತ್ತುವ ರೂಢಿಯವರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಇಲ್ಲಿ ಬೆಳಕನ್ನು ಬಾಗಿಸುವುದು ಗಾಳಿ. ಗಾಳಿಯೇ ಇಲ್ಲದ ಆಕಾಶದಲ್ಲೂ ಬೆಳಕು ಬಾಗುತ್ತದೆಂಬುದು ಇನ್ನೂ ಸೋಜಿಗದ ಸಂಗತಿ. ಅಲ್ಲಿ ಬಾಗಿಸುವುದು ಗುರುತ್ವ.

ನವಾರದ ಮಂಚದ ನಡುವೆ ಒಂದು ಭಾರದ ಮೂಟೆ ಇಟ್ಟರೆ ಪಟ್ಟಿ ತಗ್ಗುತ್ತದೆ. ಪಕ್ಕದಲ್ಲಿ ಉರುಳಿಸಿದ ಗೋಲಿ ನೇರ ಹೋಗದೆ ಆ ತಗ್ಗಿನತ್ತ ವಾಲುತ್ತದೆ. ಹಾಗೆಯೇ ಭಾರವಾದ ವಸ್ತುವಿನ ಸುತ್ತ ಆಕಾಶವೇ ಬಾಗಿರುತ್ತದೆ, ಅದರಲ್ಲಿ ಸಾಗುವ ಬೆಳಕಿನ ದಾರಿಯೂ ಬಾಗುತ್ತದೆ ಎಂದು ಐನ್‌ಸ್ಟೈನ್ 1915ರಲ್ಲಿ ಹೇಳಿದರು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಸೆಕೆಂಡಿನಷ್ಟು ಕೋನದಲ್ಲಿ ಬಾಗಬೇಕೆಂದು ಅವರ ಲೆಕ್ಕ. ಒಂದು ಡಿಗ್ರಿಯಲ್ಲಿ 3600 ಸೆಕೆಂಡುಗಳಿವೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಮೂರು ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟು ಕಂಡೀತೋ ಅಷ್ಟೇ ಅದು!

ಹಗಲಿನಲ್ಲಿ ಸೂರ್ಯನ ಬಳಿಯ ನಕ್ಷತ್ರ ಕಾಣುವುದು ಪೂರ್ಣಗ್ರಹಣದಲ್ಲಿ ಮಾತ್ರ. 1919ರ ಮೇ 29ರ ಗ್ರಹಣದಲ್ಲಿ ಎಡಿಂಗ್‌ಟನ್ ಅವರು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿ, ಮತ್ತೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಛಾಯಾಚಿತ್ರ ತೆಗೆದು ಅಳೆದು, ಐನ್‌ಸ್ಟೈನರ ಮಾತು ಸರಿಯೆಂದು ಸಾರಿದರು. 1922ರಲ್ಲಿ ನಮ್ಮ ಕೊಡೈಕನಾಲ್ ವೀಕ್ಷಣಾಲಯದ ಎವರ್ಶೆಡ್ ಅವರೂ ಇದೇ ಪರೀಕ್ಷೆಗೆ ಆಸ್ಟ್ರೇಲಿಯದ ವಾಲಾಲ್‌ಗೆ ಹೋದರು. ಉಪಕರಣ ಕೈಕೊಟ್ಟಿತು, ಫಲ ಸಿಗಲಿಲ್ಲ. ಅಲ್ಲಿಯೇ ಇದ್ದ ಅಮೆರಿಕದ ಲಿಕ್ ವೀಕ್ಷಣಾಲಯದ ತಂಡಕ್ಕೆ ಸಿಕ್ಕಿತು.

ನಮ್ಮ ಸೀಮೆಗೂ ಅಂಥ ಗ್ರಹಣ ಬಂದಿತ್ತು. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣಗ್ರಹಣದ ನೆರಳು ಕಾರವಾರದ ಕಡೆಯ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಬಿಡಾರ ಹೂಡಿ ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸಿದರು. ಅಂದು ಬಾಗಿಲು ಮುಚ್ಚಿ ಒಳಗೆ ಕುಳಿತವರೇ ಬಹಳ ಮಂದಿ.

ಸೂರ್ಯನೇ ಬೆಳಕನ್ನು ಬಾಗಿಸಿದರೆ ಕೋಟಿಗಟ್ಟಲೆ ಸೂರ್ಯರುಳ್ಳ ಗೆಲಾಕ್ಸಿ ಬಾಗಿಸದಿದ್ದೀತೆ? ಅದು ಮಸೂರದಂತೆ ವರ್ತಿಸುತ್ತದೆ. 1979ರಲ್ಲಿ ಒಂದರ ಪಕ್ಕದಲ್ಲೊಂದು ಎರಡು ಕ್ವೇಸಾರ್‌ಗಳು ಕಂಡವು. ಪರೀಕ್ಷಿಸಿದರೆ ಎರಡೂ ಒಂದರದೇ ಪ್ರತಿರೂಪ! ನಡುವಿನ ಗೆಲಾಕ್ಸಿಯ ಇಬ್ಬದಿಯಿಂದ ಬೆಳಕು ಬಳಸಿ ಬಂದಿತ್ತು. ಒಂದು ದಾರಿಯ ಬೆಳಕು ಇನ್ನೊಂದಕ್ಕಿಂತ ಸುಮಾರು 417 ದಿನ ತಡವಾಗಿ ತಲುಪುತ್ತದೆ. ಒಂದೇ ಊರಿನಿಂದ ಒಂದೇ ದಿನ ಹೊರಟ ಮಾಲು ಎರಡು ದಾರಿಯಲ್ಲಿ ಬೇರೆ ಬೇರೆ ದಿನ ಬಂದು ಇಳಿದ ಹಾಗೆ. 1988ರಲ್ಲಿ ನಮ್ಮ ದೇಶದ ಪ್ರಮೇಶ ರಾವ್ ಮತ್ತು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ರವಿ ಸುಬ್ರಹ್ಮಣ್ಯನ್ ಅವರು ಧನು ರಾಶಿಯ ಒಂದು ರೇಡಿಯೋ ಮೂಲವೂ ಇಂಥದೇ ಇರಬಹುದೆಂದು ಸೂಚಿಸಿದರು. 1991ರಲ್ಲಿ ಬೇರೆ ವಿಜ್ಞಾನಿಗಳು ಅದರ ಉಂಗುರದಾಕಾರವನ್ನೇ ಪ್ರಕಟಿಸಿದರು.

ಬಾಗಿದ ಬೆಳಕು ವಿಜ್ಞಾನಿಗಳ ತಕ್ಕಡಿಯೂ ಹೌದು. ಎಷ್ಟು ಬಾಗಿತು ಎಂಬುದರಿಂದ ಗೆಲಾಕ್ಸಿಗಳ ತೂಕ ತಿಳಿಯುತ್ತದೆ. ತೂಗಿ ನೋಡಿದರೆ ಕಾಣುವ ನಕ್ಷತ್ರ, ಅನಿಲಗಳ ಲೆಕ್ಕ ಸಾಲದು. ಜಮಾ ಖರ್ಚು ತಾಳೆಯಾಗದು. ಉಳಿದದ್ದಕ್ಕೆ 'ಕಪ್ಪು ದ್ರವ್ಯ' ಎಂದು ಹೆಸರಿಟ್ಟಿದ್ದಾರೆ. ಅದು ಏನೆಂದು ಇಂದಿಗೂ ಗೊತ್ತಿಲ್ಲ. ಹಾಗೆಂದು ಅವರು ಖಾತೆಯನ್ನು ತಿದ್ದಲಿಲ್ಲ, ಬಾಕಿಯನ್ನು ಬಾಕಿಯೆಂದೇ ಬರೆದಿಟ್ಟು ಹುಡುಕುತ್ತಿದ್ದಾರೆ. ಪ್ರಾಮಾಣಿಕ ವ್ಯಾಪಾರಿಯ ಮರ್ಯಾದೆಯೂ ಇದೇ ಅಲ್ಲವೇ?

ಇಂಥ ಸುದ್ದಿ ಕೇಳಿದೊಡನೆ "ಇದೆಲ್ಲ ನಮ್ಮ ಶಾಸ್ತ್ರದಲ್ಲಿ ಮೊದಲೇ ಇದೆ" ಎನ್ನುವವರಿದ್ದಾರೆ. ಹಾಗೆನ್ನುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಕ್ವೇಸಾರ್ ಆಗಮಗಳ ವಿಷಯವಲ್ಲ. ಆದರೆ ಅನೇಕಾಂತ ಕಲಿಸುವ ಮನೋಭಾವ ಇಲ್ಲಿ ನೆರವಾಗುತ್ತದೆ. ಎರಡು ಬಿಂಬಗಳನ್ನು ಕಂಡವನ ಕಣ್ಣು ಸುಳ್ಳಲ್ಲ, ಎರಡು ವಸ್ತುಗಳೇ ಇವೆಯೆಂಬ ಹಟವೇ ತಪ್ಪು. ಬೆಳಕು ಬಂದ ದಾರಿಯನ್ನೂ ವಿಚಾರಿಸಿದವನಿಗೆ ಒಂದೇ ವಸ್ತು ತಿಳಿಯುತ್ತದೆ. ಮನೆಯಲ್ಲಿ, ಪಾಲುಗಾರರಲ್ಲಿ, ಸಮಾಜದಲ್ಲಿ ಒಂದೇ ಸಂಗತಿ ಎರಡಾಗಿ ಕಂಡಾಗಲೂ ಈ ತಾಳ್ಮೆ ಬೇಕು.

ಮಕ್ಕಳು ಶಾಲೆಯಿಂದ ಬಂದು ಇಂಥ ಪ್ರಶ್ನೆ ಕೇಳಿದರೆ "ಸುಮ್ಮನಿರು" ಎಂದು ಗದರಬೇಡಿ. ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಅವರೊಂದಿಗೇ ಕುಳಿತು ಓದಿ. ಜ್ಞಾನದಾನವೂ ದಾನವೇ.