ಗೌಜಲಹಕ್ಕಿಯ ತುತ್ತಿನ ಲೆಕ್ಕ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಮಾತು ಗೌಜಲಹಕ್ಕಿಗೆ ಚೆನ್ನಾಗಿ ಒಪ್ಪುತ್ತದೆ. ಅದರ ಮೊಟ್ಟೆಯ ತೂಕ ಸುಮಾರು 10 ಗ್ರಾಂ. 17-18 ದಿನಗಳಲ್ಲಿ ಹೊರಬರುವ ಮರಿ ಹೆಬ್ಬೆರಳಿನ ಗಾತ್ರದ್ದು. ಆದರೆ ಐದು ವಾರ ಕಳೆಯುವಷ್ಟರಲ್ಲಿ ಅದು ಮಾರಾಟಕ್ಕೆ ಸಿದ್ಧವಾಗುತ್ತದೆ. ಇಂದು ಗೂಡುಗಳಲ್ಲಿ ಸಾಕುತ್ತಿರುವುದು ನಮ್ಮ ಹೊಲಗದ್ದೆಗಳ ಕಾಡುಹಕ್ಕಿಯನ್ನಲ್ಲ, ಜಪಾನೀ ತಳಿಯನ್ನು. ಅದು ಅಮೆರಿಕದ ಕ್ಯಾಲಿಫೋರ್ನಿಯದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದಿಳಿದದ್ದು 1974ರಲ್ಲಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಅಡಕೆತೋಟದ ಸೀಮೆಯಲ್ಲಿ ಈ ಉಪಕಸುಬಿಗೆ ವಿಶಾಲವಾದ ಸ್ಥಳ ಬೇಕಿಲ್ಲ. ಕೊಟ್ಟಿಗೆಯ ಒಂದು ಮಗ್ಗುಲು ಸಾಕು. ಲಾಭನಷ್ಟಗಳು ನಿಶ್ಚಯವಾಗುವುದು ಆಹಾರದ ಚೀಲದಲ್ಲಿ. ಸಾಕಣೆಯ ಪ್ರತಿ 100 ರೂಪಾಯಿ ಖರ್ಚಿನಲ್ಲಿ 60ರಿಂದ 70 ರೂಪಾಯಿ ಅದಕ್ಕೇ ಸಲ್ಲುತ್ತದೆ.

ಬೇಗ ಬೆಳೆಯುವ ಜೀವಕ್ಕೆ ಸತ್ವ ಹೆಚ್ಚು ಬೇಕು. ಗೌಜಲಮರಿಯ ಆಹಾರದಲ್ಲಿ ಶೇಕಡಾ 24ರಷ್ಟಾದರೂ ಸಸಾರಜನಕ, ಎಂದರೆ ಪ್ರೋಟೀನು, ಇರತಕ್ಕದ್ದು. ಒಂದು ಹಕ್ಕಿ ಐದು ವಾರಗಳಲ್ಲಿ ಸುಮಾರು ಅರ್ಧ ಕಿಲೋ ತಿನ್ನುತ್ತದೆ. ಸಾವಿರ ಹಕ್ಕಿಗಳಿಗೆ ಐದು ಕ್ವಿಂಟಲ್ ಆಯಿತು. ಅದರಲ್ಲಿ ಸಸಾರಜನಕವೇ 120 ಕಿಲೋ! ಇಷ್ಟನ್ನು ತರುವುದೆಲ್ಲಿಂದ?

ವಾಡಿಕೆಯ ಉತ್ತರ ಎರಡು: ಸೋಯಾ ಹಿಂಡಿ ಮತ್ತು ಮೀನಿನ ಹುಡಿ. ಸೋಯಾ ಕರಾವಳಿಯ ಬೆಳೆಯಲ್ಲ. ದೂರದ ಮಧ್ಯಪ್ರದೇಶ, ಮಹಾರಾಷ್ಟ್ರಗಳ ಬಯಲುಗಳದು. 2021ರಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಕೇಂದ್ರ ಸರಕಾರವು 12 ಲಕ್ಷ ಟನ್ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. ಮೀನಿನ ಹುಡಿ ಹತ್ತಿರದ ಕಡಲಿನದೇ ನಿಜ. ಆದರೆ ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅಲ್ಲದೆ ಬಡವರ ಅನ್ನದ ಬಟ್ಟಲಿಗೆ ಸಲ್ಲಬೇಕಾದ ಬೂತಾಯಿಯನ್ನು ಹಕ್ಕಿಗಾಗಿ ಹುಡಿಮಾಡುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯೂ ಉಂಟು.

ಹಾಗಾದರೆ ಬದಲಿ ಯಾವುದು? ನೆಲಗಡಲೆಯ ಹಿಂಡಿಯಲ್ಲಿ ಶೇಕಡಾ 40ಕ್ಕೂ ಮಿಗಿಲಾಗಿ ಸಸಾರಜನಕವಿದೆ. ಆದರೆ ತುಳುನಾಡಿನ ಮಳೆಗಾಲದ ತೇವಕ್ಕೆ ಅದು ಬೂಷ್ಟು ಹಿಡಿಯಿತೆಂದರೆ ವಿಷವೇ ಸರಿ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತದ್ದು ಇಂತಹ ಹಿಂಡಿಯಿಂದಲೇ. ‘ಅಫ್ಲಟಾಕ್ಸಿನ್’ ಎಂಬ ವಿಷವು ಬೆಳಕಿಗೆ ಬಂದದ್ದೂ ಆ ದುರಂತದಿಂದಲೇ. ಕೊಬ್ಬರಿ ಹಿಂಡಿ ಸುಲಭವಾಗಿ ದೊರೆತರೂ ಸತ್ವ ಶೇಕಡಾ 20ರ ಆಸುಪಾಸು, ನಾರು ಅಧಿಕ. ರಬ್ಬರ್ ಬೀಜವು ತೋಟದಲ್ಲಿ ಸುಮ್ಮನೆ ಉದುರಿ ಬಿದ್ದಿರುತ್ತದೆ. ಆದರೆ ಅದರಲ್ಲಿ ಸಯನೈಡನ್ನು ಹೊರಬಿಡುವ ಅಂಶವಿರುವುದರಿಂದ ಹಸಿಯಾಗಿ ಬಳಸಲಾಗದು.

ನಂಬಿಕೆಗೆ ಹೆಚ್ಚು ಅರ್ಹವಾದವು ಎರಡು. ನೂಲು ತೆಗೆದ ರೇಷ್ಮೆಗೂಡಿನಲ್ಲಿ ಉಳಿಯುವ ಹುಳುವನ್ನು ಎಣ್ಣೆ ತೆಗೆದು ಒಣಗಿಸಿದರೆ ಶೇಕಡಾ 60ಕ್ಕೂ ಹೆಚ್ಚು ಸಸಾರಜನಕ ಸಿಗುತ್ತದೆ. ರಾಮನಗರ, ಶಿಡ್ಲಘಟ್ಟಗಳಿರುವ ಕರ್ನಾಟಕಕ್ಕೆ ಅದು ಅಪರಿಚಿತ ವಸ್ತುವಲ್ಲ. ಇನ್ನೊಂದು, ‘ಬ್ಲ್ಯಾಕ್ ಸೋಲ್ಜರ್’ ಎಂಬ ಕರಿಯ ನೊಣದ ಮರಿಹುಳು. ತರಕಾರಿಯ ಸಿಪ್ಪೆ, ಹಣ್ಣಿನ ಕಸಗಳನ್ನು ತಿಂದು ಬೆಳೆಯುವ ಇದನ್ನು ಒಣಗಿಸಿದಾಗ ಸಸಾರಜನಕ ಶೇಕಡಾ 40ರ ಸುಮಾರಿಗಿರುತ್ತದೆ. ನೀರಿನಲ್ಲಿ ಬೆಳೆಯುವ ಅಜೋಲ್ಲಾ ಹಸಿಯಿದ್ದಾಗ ಬಹುಪಾಲು ನೀರೇ ಆದ್ದರಿಂದ ಅದು ಪೂರಕವಾದೀತೇ ಹೊರತು ಮುಖ್ಯ ಆಹಾರವಾಗದು.

ಇಷ್ಟಾದರೂ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಕೆಲಸ ಮುಗಿಯುವುದಿಲ್ಲ. ಸಸಾರಜನಕವೆಂಬುದು ಅನೇಕ ಅಮೈನೋ ಆಮ್ಲಗಳ ಸರಮಾಲೆ. ಒಂದು ಮಣಿ ಕಡಿಮೆಯಾದರೂ ಹೊಟ್ಟೆ ತುಂಬಿದ ಹಕ್ಕಿ ಸೊರಗುತ್ತದೆ. ನಮ್ಮ ಗೃಹಿಣಿಯರು ಈ ಮರ್ಮವನ್ನು ಶಾಸ್ತ್ರಕ್ಕಿಂತ ಮೊದಲೇ ಬಲ್ಲರು: ಅಕ್ಕಿಯಲ್ಲಿ ಕೊರತೆಯಾದ ಲೈಸೀನನ್ನು ಬೇಳೆಯೂ, ಬೇಳೆಯಲ್ಲಿ ಕೊರತೆಯಾದ ಮೆಥಿಯೊನೀನನ್ನು ಅಕ್ಕಿಯೂ ತುಂಬಿಕೊಡುತ್ತವೆ. ಹಕ್ಕಿಯ ತಟ್ಟೆಗೂ ಇದೇ ನ್ಯಾಯ. ಆದುದರಿಂದ ಹೊಸ ವಸ್ತುವನ್ನು ಹಳೆಯದರ ಒಂದು ಪಾಲಿಗೆ ಮಾತ್ರ ಬದಲಾಗಿ ಬೆರೆಸಿ, ಬೇರೆಯಾಗಿಟ್ಟ ಕೆಲವು ಹಕ್ಕಿಗಳಿಗೆ ಕೊಟ್ಟು, ವಾರವಾರವೂ ತೂಗಿ ನೋಡುವುದೇ ಜಾಣತನ. ಹತ್ತಿಪ್ಪತ್ತು ಹಕ್ಕಿಗಳ ತೂಕ ಹೇಳುವ ಸತ್ಯವು ಸಾವಿರ ಹಕ್ಕಿಗಳ ಬಂಡವಾಳವನ್ನು ಉಳಿಸಬಲ್ಲುದು.