ಗಡಿಯ ಆಗಸದಲ್ಲಿ ಕಂಡ ಬೆಳಕುಗಳು

'ಹಾರುವ ತಟ್ಟೆ' ಎಂಬ ಮಾತು ಕಿವಿಗೆ ಬಿದ್ದೊಡನೆ ಅನ್ಯಲೋಕದ ಜೀವಿಗಳ ಕಥೆಗಳು ನೆನಪಾಗುವುದು ಸಹಜ. ಆದರೆ ಗಡಿಯನ್ನು ಕಾಯುವ ಸೈನಿಕನಿಗೆ ಆಗಸದಲ್ಲಿ ಕಂಡ ಅಪರಿಚಿತ ಬೆಳಕು ಕಥೆಯ ವಸ್ತುವಲ್ಲ. ಅದು ನೆರೆರಾಷ್ಟ್ರದ ಗೂಢಚಾರ ವಿಮಾನವಾಗಿರಬಹುದು. ಕಂಡುದನ್ನು ಕಂಡಂತೆ ಮೇಲಧಿಕಾರಿಗಳಿಗೆ ತಿಳಿಸುವುದು ಅವನ ಕರ್ತವ್ಯ. ಇಂತಹ ವರದಿಗಳ ರಾಶಿಯೇ 2012ರಲ್ಲಿ ಲಡಾಖಿನಿಂದ ಬರತೊಡಗಿತು.

ಭಾರತ ಚೀನಾಗಳ ನಡುವಣ ವಾಸ್ತವ ನಿಯಂತ್ರಣ ರೇಖೆಯು ಅಲ್ಲಿನ ಪಾಂಗಾಂಗ್ ಸರೋವರವನ್ನು ಅಡ್ಡಹಾಯುತ್ತದೆ. ಸಮುದ್ರಮಟ್ಟದಿಂದ 4,200 ಮೀಟರಿಗೂ ಮಿಕ್ಕ ಎತ್ತರ. ಗಾಳಿ ವಿರಳ, ಇರುಳು ಕಡುಗಪ್ಪು. 2012ರ ಆಗಸ್ಟಿನಿಂದ 2013ರ ಫೆಬ್ರುವರಿಯವರೆಗೆ ಸೈನಿಕರು ಗುರುತು ತಿಳಿಯದ ಬೆಳಕುಗಳನ್ನು 329 ಬಾರಿ ಕಂಡರೆಂದೂ, 155 ಬಾರಿ ಅವು ನಮ್ಮ ವಾಯುಸೀಮೆಯನ್ನು ಉಲ್ಲಂಘಿಸಿದುವೆಂದೂ ವರದಿಯಾಯಿತು. ಒಂದು ಬೆಳಕು ಸಂಜೆ ಸುಮಾರು 6 ಗಂಟೆಗೆ ಮೂಡಿ ರಾತ್ರಿಯೆಲ್ಲ ಇರುತ್ತಿತ್ತು. ಇನ್ನೊಂದು ಬೆಳಗಿನ ಜಾವ 4ರ ವೇಳೆಗೆ ಮೂಡಿ, ಹಗಲಾದ ಮೇಲೂ ಕೆಲಕಾಲ ಕಾಣುತ್ತಿತ್ತು. ರಡಾರಿಗೆ ಮಾತ್ರ ಏನೂ ಸಿಕ್ಕಲಿಲ್ಲ. ಕಣ್ಣಿಗೆ ಕಾಣುವುದು ಯಂತ್ರಕ್ಕೆ ಕಾಣದೆಂದರೆ ಸಂಶಯ ಹೆಚ್ಚುವುದೇ ಹೊರತು ಕಡಮೆಯಾಗದು.

ಪ್ರಶ್ನೆಯು ಕೊನೆಗೆ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯನ್ನು ತಲುಪಿತು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುವ ಸಂಸ್ಥೆ ಅದು. ಆ ಆಗಸ ಅದಕ್ಕೆ ಹೊಸದಲ್ಲ. ವಿಜ್ಞಾನಿಗಳು ಅಪೂರ್ವವಾದ ಉಪಕರಣವನ್ನೇನೂ ಬೇಡಲಿಲ್ಲ. ಬೆಳಕು ಮೂಡುವ ಹೊತ್ತೆಷ್ಟು, ಅದು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿದೆ, ನಕ್ಷತ್ರಗಳಿಗೆ ಹೋಲಿಸಿದರೆ ಅದರ ಚಲನೆ ಹೇಗೆ ಎಂಬುದನ್ನಷ್ಟೇ ಗಮನಿಸಿ ತಿಳಿಸುವಂತೆ ಕೇಳಿದರು.

ಈ ಪ್ರಶ್ನೆಗಳ ಮರ್ಮ ಸರಳ. ಭೂಮಿಯು ತಿರುಗುವುದರಿಂದ ಆಕಾಶಕಾಯಗಳೆಲ್ಲವೂ ಪೂರ್ವದಲ್ಲಿ ಮೂಡಿ ಪಶ್ಚಿಮಕ್ಕೆ ಸಾಗುತ್ತವೆ. ಒಂದೊಂದು ನಕ್ಷತ್ರವೂ ದಿನದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ, ಎಂದರೆ ತಿಂಗಳಿಗೆ 2 ಗಂಟೆಯಷ್ಟು ಮೊದಲು ಉದಯಿಸುತ್ತದೆ. ಗ್ರಹಗಳು ಆ ಮೆರವಣಿಗೆಯಲ್ಲಿಯೇ ಇದ್ದು, ನಕ್ಷತ್ರಗಳ ನಡುವೆ ನಿಧಾನವಾಗಿ ಸ್ಥಾನ ಬದಲಿಸುತ್ತವೆ. ಮನುಷ್ಯನು ಹಾರಿಸಿದ ಯಂತ್ರವು ಈ ಪಂಚಾಂಗಕ್ಕೆ ಬದ್ಧವಾಗಿ ತಿಂಗಳುಗಟ್ಟಲೆ ನಡೆಯಲಾರದು.

ಲೆಕ್ಕ ಕೂಡಿಬಂದಿತು. ಸಂಜೆಯ ಬೆಳಕು ಗುರುಗ್ರಹ. 2012ರ ಡಿಸೆಂಬರ್ ಮೊದಲ ವಾರದಲ್ಲಿ ಅದು ಸೂರ್ಯನಿಗೆ ಸರಿಯಾಗಿ ಎದುರಾಗಿದ್ದು, ಸೂರ್ಯಾಸ್ತದ ವೇಳೆಗೆ ಉದಯಿಸುತ್ತಿತ್ತು. ಬೆಳಗಿನದು ಶುಕ್ರ. 'ಬೆಳ್ಳಿ ಮೂಡಿತು' ಎಂದು ನಮ್ಮ ರೈತರು ಹೊತ್ತನ್ನು ತಿಳಿಯುವುದು ಇದೇ ಚುಕ್ಕೆಯಿಂದ. ರಡಾರಿನ ಮೌನಕ್ಕೂ ಕಾರಣ ದೊರೆಯಿತು. ಗುರುವು ಆಗ 60 ಕೋಟಿ ಕಿಲೋಮೀಟರಿಗಿಂತ ದೂರದಲ್ಲಿತ್ತು. ರೇಡಿಯೋ ತರಂಗವು ಅಲ್ಲಿಗೆ ಹೋಗಿ ಮರಳಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ವಿಮಾನಗಳನ್ನು ಹುಡುಕುವ ರಡಾರು ಅಷ್ಟು ಹೊತ್ತು ಕಾಯುವುದಿಲ್ಲ, ಅಷ್ಟು ದೂರಕ್ಕೆ ಅದರ ಶಕ್ತಿಯೂ ಸಾಲದು.

ಸೈನಿಕರನ್ನು ನೋಡಿ ನಗುವವರು ಒಂದು ಮಾತನ್ನು ಗಮನಿಸಬೇಕು. ಕತ್ತಲೆಯಲ್ಲಿ ಒಂಟಿ ಬೆಳಕನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರೆ, ನಿಂತ ಬೆಳಕೂ ಅಲುಗಿದಂತೆ ತೋರುವುದು ಕಣ್ಣಿನ ಸ್ವಭಾವ. ದೂರವನ್ನು ಅಳೆಯಲು ನಡುವೆ ಮರವಿಲ್ಲ, ಮನೆಯಿಲ್ಲ. ಮೇಲಾಗಿ ಅವರ ಎಚ್ಚರಿಕೆ ನಿರಾಧಾರವಾಗಿರಲಿಲ್ಲ: 2013ರ ಏಪ್ರಿಲಿನಲ್ಲಿ ಲಡಾಖಿನದೇ ದೆಪ್ಸಾಂಗ್ ಬಯಲಿನಲ್ಲಿ ಚೀನೀ ಸೈನಿಕರು ಡೇರೆ ಹಾಕಿದುದರಿಂದ, ಎರಡು ಸೇನೆಗಳೂ ಸುಮಾರು ಮೂರು ವಾರ ಎದುರುಬದುರಾಗಿ ನಿಂತಿದ್ದುವು. ಅಂತಹ ಕಾಲದಲ್ಲಿ ಗ್ರಹವೊಂದನ್ನು ಶತ್ರುವಿಮಾನವೆಂದು ಬಗೆದಿದ್ದರೆ ಪರಿಣಾಮವೇನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಹಾಗೆಂದು ಎಲ್ಲಕ್ಕೂ ಶುಕ್ರನೇ ಉತ್ತರವಲ್ಲ. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ವಿಮಾನಚಾಲಕನು ಆಗಸದ ವಸ್ತುವೊಂದನ್ನು ಬೆನ್ನಟ್ಟಿ, ಪ್ರಾಣವಾಯುವಿನ ಸಲಕರಣೆಯಿಲ್ಲದೆ ಮೇಲೇರಿ ಮೃತನಾದನು. ಅದು ಶುಕ್ರಗ್ರಹವೆಂದು ಮೊದಲು ಹೇಳಲಾಯಿತು. ಅದು ಆಗ ಗುಟ್ಟಾಗಿದ್ದ 'ಸ್ಕೈಹುಕ್' ಬೆಲೂನು ಆಗಿರಬೇಕೆಂಬುದು ಅನಂತರದ ಅಭಿಪ್ರಾಯ. ಅಮೆರಿಕದ ವಾಯುಪಡೆ 1969ರವರೆಗೆ ಪರಿಶೀಲಿಸಿದ 12,618 ವರದಿಗಳಲ್ಲಿ 701ಕ್ಕೆ ಗುರುತು ಹತ್ತಲೇ ಇಲ್ಲ.

ಪಾಂಗಾಂಗಿನ ಬೆಳಕುಗಳು ಆ ಪಟ್ಟಿಗೆ ಸೇರುವಂತಹವಲ್ಲ. 2013ರ ಮಾರ್ಚ್ ಕೊನೆಗೆ ಶುಕ್ರನು ಸೂರ್ಯನ ಆಚೆಬದಿಗೆ ಸರಿದು ಮರೆಯಾದನು; ಕೆಲವು ವಾರಗಳ ತರುವಾಯ ಸಂಜೆಯ ಚುಕ್ಕೆಯಾಗಿ ಪಶ್ಚಿಮದಲ್ಲಿ ಕಾಣಿಸಿಕೊಂಡನು.